ಅತ್ತೆಯ ಮೂಲೆ, ಸೊಸೆಯ ಮೂಲೆ

ತಮ್ಮ ಫೋಟೋ ಸ್ಟುಡಿಯೋದ ಮೆಟ್ಟಿಲಲ್ಲಿ ಜಾರಿಬಿದ್ದು ಅತ್ತೆಯ ಕಾಲು ಮುರಿದಾಗ ಉಳಿದವರೆಲ್ಲ ನೋವಿನ ಬಗ್ಗೆ ಕೇಳಿದರೆ, ಅವರು ಕೇಳಿದ್ದು ಕ್ಯಾಲೆಂಡರಿನ ಬಗ್ಗೆ. ಪ್ಲಾಸ್ಟರು ಇನ್ನೂ ಪೂರ್ತಿ ಒಣಗಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿ, ದಿಂಬಿಗೆ ಒರಗಿ, "ಈ ಸಲ ಊರಿನ ಫೋಟೋ ಯಾರು ತೆಗೀತಾರೆ?" ಎಂದರು.

ಊರಿನ ದೊಡ್ಡ ಪತ್ರಿಕೆಯೊಂದು ಪ್ರತಿವರ್ಷ ಗೋಡೆ ಕ್ಯಾಲೆಂಡರ್ ಹೊರತರುತ್ತಿತ್ತು. ಅದರ ಮೇಲುಭಾಗದಲ್ಲಿ ಊರು ಮುಸ್ಸಂಜೆಯಲ್ಲಿ ಕಾಣುವ ಅಗಲವಾದ ಚಿತ್ರವೊಂದು ಇರಲೇಬೇಕು. ಮಗ ಶಾಲೆಗೆ ಸೇರುವ ಮೊದಲಿನಿಂದಲೂ ಅದನ್ನು ತೆಗೆಯುತ್ತ ಬಂದವರು ಅತ್ತೆ. ಗಂಡ ತೀರಿಕೊಂಡ ವರ್ಷ ಕೂಡ ಬಿಟ್ಟಿರಲಿಲ್ಲ. ಅದರಿಂದಲೇ ಊರಿನ ಛಾಯಾಗ್ರಾಹಕರ ಬಾಯಲ್ಲಿ ಅವರು 'ಸಂಜೆ ಮೇಡಂ' ಆಗಿದ್ದರು. ಹಳೆಯ ಟೆಲಿಫೋನ್ ಕಚೇರಿಯ ತಾರಸಿಯಲ್ಲಿ, ನೀರಿನ ತೊಟ್ಟಿಯ ಪಕ್ಕದ ಒಂದು ಮೂಲೆ ಅವರದ್ದೆಂದೇ ಲೆಕ್ಕ. ಬೇರೆ ಯಾರಾದರೂ ಅಲ್ಲಿ ಕ್ಯಾಮರಾ ಇಟ್ಟರೆ ಕಾವಲುಗಾರನೇ ಎಬ್ಬಿಸುತ್ತಿದ್ದ.

"ನಾನು ತೆಗೀತೀನಿ ಅತ್ತೆ," ಎಂದಳು ಸೊಸೆ.

ಅವಳೂ ಅದೇ ಕಸುಬಿನವಳು. ಆದರೆ ಅವಳ ಕೆಲಸವೆಲ್ಲ ಸ್ಟುಡಿಯೋದ ಹಿಂದಿನ ಸಣ್ಣ ಕೋಣೆಯಲ್ಲಿ, ಒಂದು ಮೇಜಿನ ಮೇಲೆ. ಅಂಗಡಿಗಳ ಜಾಹೀರಾತಿಗೆ ಪಿಂಗಾಣಿ ಬಟ್ಟಲು, ಕೈಗಡಿಯಾರ, ಚಪ್ಪಲಿ ಇವುಗಳ ಚಿತ್ರ ತೆಗೆಯುತ್ತಿದ್ದಳು. ಒಂದು ಚಪ್ಪಲಿಯ ಉಂಗುಷ್ಠದ ಮೇಲೆ ಬೆಳಕಿನ ಗೆರೆ ಸರಿಯಾಗಿ ಬೀಳಲೆಂದು ಅರ್ಧ ದಿನ ಹೆಣಗುವವಳು. ನಗರ ಸಾರಿಗೆಯ ಬಸ್ಸು ಓಡಿಸುವ ಅವಳ ಗಂಡ, ಅಮ್ಮನಿಗೆ ಸಂಜೆ ಮೇಡಂ ಎಂಬ ಹೆಸರಿದ್ದರೆ ಹೆಂಡತಿಗೂ ಒಂದಿರಲಿ ಎಂದು ಅವಳನ್ನು 'ಚಪ್ಪಲಿ ಮೇಡಂ' ಎಂದು ಕರೆದು ರೇಗಿಸುತ್ತಿದ್ದ.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಕಪ್ಪು-ಬಸಿಗಳು ನೀನು ಹೇಳಿದ ಮಾತು ಕೇಳ್ತವೆ. ಊರು ಕೇಳಲ್ಲ."

"ಕೇಳೋ ಹಾಗೆ ಮಾಡ್ತೀನಿ."

ಜಂಬದಿಂದ ಆಡಿದ ಮಾತಲ್ಲ ಅದು. ತನಗೆ ಬರುವ ಕೆಲಸದ ಬಗ್ಗೆ ಅವಳಿಗೆ ಅನುಮಾನವೇ ಇರುತ್ತಿರಲಿಲ್ಲ. ಬರದೇ ಇರುವುದನ್ನು ಕಲಿತುಕೊಳ್ಳಬಹುದು ಎಂಬುದರಲ್ಲೂ ಇರುತ್ತಿರಲಿಲ್ಲ. ಅತ್ತೆಗೆ ಅವಳ ಈ ಗುಣ ಮೆಚ್ಚುಗೆಯೂ ಹೌದು, ಮೈಯುರಿಯೂ ಹೌದು. ಬೇರೆ ದಾರಿ ಕಾಣದೆ ಒಪ್ಪಿದರು. ತೊಟ್ಟಿಯ ಪಕ್ಕದಲ್ಲಿ ಟ್ರೈಪಾಡಿನ ಕಾಲುಗಳು ಎಲ್ಲಿ ಬರಬೇಕು, ಎಷ್ಟು ಎತ್ತರ ಇರಬೇಕು, ಯಾವ ಲೆನ್ಸು, ಎಲ್ಲವನ್ನೂ ಬಾಯಿಪಾಠ ಮಾಡಿಸಿ ಕಳಿಸಿದರು.

ಮೊದಲ ಸಂಜೆ ಸೊಸೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಎಡಗಡೆಯಿಂದ ಸೇತುವೆ, ನಡುವೆ ನದಿ, ಬಲಕ್ಕೆ ಗಡಿಯಾರದ ಗೋಪುರ, ಹಿಂದೆ ಗುಡ್ಡಗಳ ಸಾಲು. ಅತ್ತೆಯ ಹಳೆಯ ಚಿತ್ರಗಳಲ್ಲೆಲ್ಲ ಹೀಗೇ ಇತ್ತು. ಈಗ ಮಾತ್ರ ನದಿಯ ಆಚೆ ಒಂದು ಗಾಜಿನ ಕಟ್ಟಡ ಎದ್ದು ನಿಂತಿತ್ತು. ಹೋದ ವರ್ಷ ಕ್ರೇನುಗಳ ನಡುವೆ ಅರ್ಧ ಆಗಿದ್ದದ್ದು ಈ ವರ್ಷ ಎಲ್ಲಕ್ಕಿಂತ ಮೇಲೆ ತಲೆ ಎತ್ತಿತ್ತು. ಗಡಿಯಾರದ ಗೋಪುರ ಅದರ ಮಗ್ಗುಲಲ್ಲಿ ಅಂಟಿಕೊಂಡು, ದೊಡ್ಡವರ ಸೆರಗು ಹಿಡಿದ ಮಗುವಿನಂತೆ ಕಾಣುತ್ತಿತ್ತು. ಸೊಸೆ ಸೂರ್ಯ ಇಳಿಯುವ ಮೊದಲಿನಿಂದ ದೀಪಗಳೆಲ್ಲ ಹೊತ್ತಿಕೊಳ್ಳುವವರೆಗೆ ಬಿಡದೆ ತೆಗೆದು, ಎಲ್ಲಕ್ಕಿಂತ ಚೊಕ್ಕಟವಾಗಿದ್ದ ಒಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮಾರನೆಯ ಬೆಳಿಗ್ಗೆ ಅತ್ತೆಯ ಮಡಿಲಲ್ಲಿಟ್ಟಳು.

ಕಂಪ್ಯೂಟರಿನ ಪರದೆಯನ್ನು ಅತ್ತೆ ನಂಬುತ್ತಿರಲಿಲ್ಲ. ಅದು ಎಲ್ಲವನ್ನೂ ಚೆಂದ ಮಾಡಿ ತೋರಿಸುತ್ತದೆ ಎಂಬುದು ಅವರ ದೂರು. ಕಾಗದದ ಮೇಲಿನ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು. ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಕತ್ತರಿಸಿದ ಎರಡು ಕಪ್ಪು ರಟ್ಟುಗಳನ್ನು ಅದರ ಮೇಲಿಟ್ಟು, ಹಿಂದೆ ಮುಂದೆ ಸರಿಸಿ, ಚಿತ್ರದ ಒಂದೊಂದು ಭಾಗವನ್ನೇ ಬಿಡಿಸಿ ನೋಡಿದರು. ಎಲ್ಲಿಟ್ಟರೂ ಅವರ ಹುಬ್ಬು ಸಡಿಲಾಗಲಿಲ್ಲ.

"ಮದುವೆ ಮನೇಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ ಹಾಗಿದೆ," ಎಂದರು ಕೊನೆಗೆ. "ಎಲ್ಲರೂ ಇದಾರೆ. ಯಾರನ್ನ ನೋಡ್ಬೇಕು ಗೊತ್ತಾಗಲ್ಲ."

ಸೊಸೆಗೂ ಹಾಗೇ ಅನ್ನಿಸಿತ್ತು. ಆದರೆ ಟ್ರೈಪಾಡು ನಿಂತದ್ದು ಅತ್ತೆ ಹೇಳಿದ ಜಾಗದಲ್ಲೇ, ಕೂದಲೆಳೆಯಷ್ಟೂ ಈಚೆಗಲ್ಲ. ತಪ್ಪು ಜಾಗದ್ದೇ ಇರಬಹುದು ಎಂದು ಆಗ ಅವಳ ತಲೆಗೆ ಹೊಳೆಯಿತು.

ಆ ದಿನ ಕೆಲಸ ಮುಗಿಸಿ ಬಂದ ಗಂಡನಿಗೆ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರಲಿಲ್ಲ. ಫ್ಲಾಸ್ಕು, ಎಣ್ಣೆ ಬಾಟಲಿ, ಲೋಟಗಳು, ಉಪ್ಪಿನ ಡಬ್ಬಿ, ಮೆಣಸಿನ ಪುಟ್ಟ ಬಾಟಲಿ ಎಲ್ಲ ಸಾಲುಸಾಲಾಗಿ ನಿಂತಿದ್ದವು. ಅವುಗಳ ನಡುವೆ ಒಂದು ನೀಲಿ ಟವೆಲು ಬಳುಕಿಕೊಂಡು ಮಲಗಿತ್ತು. ಹೆಂಡತಿ ನೆಲದ ಮೇಲೆ ಮಂಡಿಯೂರಿ, ಗಲ್ಲವನ್ನು ಮೇಜಿನ ಅಂಚಿಗೆ ಒತ್ತಿ, ಒಂದು ಕಣ್ಣು ಮುಚ್ಚಿದ್ದಳು. ಫ್ಲಾಸ್ಕು ಗಾಜಿನ ಕಟ್ಟಡವಂತೆ, ಮೆಣಸಿನ ಬಾಟಲಿ ಗಡಿಯಾರದ ಗೋಪುರವಂತೆ, ಟವೆಲು ನದಿಯಂತೆ. ಉಪ್ಪಿನ ಡಬ್ಬಿಯನ್ನು ಸ್ವಲ್ಪ ಈಚೆ ಎಳೆಯಲು ಅವನು ಕೈ ಚಾಚಿದಾಗ ಅವಳು ಕೈ ತಡೆದಳು. ಊರಿನ ಯಾವುದನ್ನೂ ಸರಿಸುವ ಹಾಗಿಲ್ಲ, ಸರಿಯಬೇಕಾದವಳು ತಾನು ಎಂದಳು. ಮೇಜಿನ ಕೋಣೆಯಲ್ಲಿ ಇಷ್ಟು ವರ್ಷ ವಸ್ತುಗಳನ್ನು ಸರಿಸುತ್ತಿದ್ದವಳು ಈಗ ಮಂಡಿಯ ಮೇಲೆ ತೆವಳುತ್ತ ಮೇಜನ್ನೇ ಸುತ್ತಿದಳು. ಗಂಡ ಅಡುಗೆಮನೆಯಲ್ಲಿ ನಿಂತೇ ಉಂಡ.

ಬಲಕ್ಕೆ ಬಂದಂತೆಲ್ಲ ಮೆಣಸಿನ ಬಾಟಲಿ ಫ್ಲಾಸ್ಕಿನ ಮಗ್ಗುಲು ಬಿಟ್ಟು ನಿಧಾನವಾಗಿ ಹೊರಬಂತು. ಇನ್ನೂ ಸರಿದಾಗ ಎರಡರ ನಡುವೆ ಒಂದು ಖಾಲಿ ಜಾಗ ಬಿಚ್ಚಿಕೊಂಡು, ಆ ಸಣ್ಣ ಬಾಟಲಿ ಒಂಟಿಯಾಗಿ, ಗಟ್ಟಿಯಾಗಿ ನಿಂತಿತು. ಟವೆಲಿನ ತಿರುವು ನೇರವಾಗಿ ಅದರ ಬುಡಕ್ಕೆ ಹೋಗಿ ಸೇರಿತು. ಲೋಟಗಳೆಲ್ಲ ಹಿಂದೆ ಹಿಂದೆ ಸರಿದು ಒಂದರ ಭುಜಕ್ಕೆ ಒಂದು ತಾಗಿದವು. ಸೊಸೆ ಎದ್ದು ಮಂಡಿ ಒರೆಸಿಕೊಂಡಳು. ಅವಳಿಗೆ ಬೇಕಾದ ಜಾಗ ಟೆಲಿಫೋನ್ ಕಚೇರಿಯ ತಾರಸಿಯ ಹಿಂಬದಿಯಲ್ಲಿತ್ತು. ಲಿಫ್ಟಿನ ಯಂತ್ರದ ಕೋಣೆಯ ಆಚೆ, ಪಾರಿವಾಳಗಳು ಗಲೀಜು ಮಾಡಿದ, ಕೆಟ್ಟುಹೋದ ಏಸಿ ಪೆಟ್ಟಿಗೆಗಳನ್ನು ಎಸೆದಿದ್ದ ಮೂಲೆ ಅದು.

ಅತ್ತೆಗೆ ಹೇಳಿದಾಗ ಅವರು ಖಡಾಖಂಡಿತವಾಗಿ ಬೇಡವೆಂದರು. ಅಲ್ಲಿಂದ ಸೇತುವೆ ಕಾಣುವುದಿಲ್ಲ, ಸೇತುವೆಯಿಲ್ಲದ ಊರನ್ನು ಜನ ಗುರುತಿಸುವುದಿಲ್ಲ, ಅಲ್ಲಿ ಗಾಳಿ ಜಾಸ್ತಿ, ತಾನೇನು ಆ ಮೂಲೆ ನೋಡಿಲ್ಲವೇ ಎಂದರು. ಸೊಸೆ ಸಮಾಧಾನದಿಂದಲೇ ಉತ್ತರ ಕೊಟ್ಟಳು. ಅತ್ತೆ ನೋಡಿದಾಗ ಗಾಜಿನ ಕಟ್ಟಡ ಇರಲಿಲ್ಲ; ಅದು ಬಂದ ಮೇಲೆ ಊರಿನ ಮುಖವೇ ತಿರುಗಿದೆ; ಸೇತುವೆ ಹೋದರೂ ಗೋಪುರ ಉಳಿಯುತ್ತದೆ. ಮಾತಿಗೆ ಮಾತು ಬೆಳೆಯಿತು. ಗಂಡ ಇಬ್ಬರ ನಡುವೆ ಸಿಕ್ಕಿಕೊಳ್ಳದ ಹಾಗೆ ಬಟ್ಟೆ ಒಣಹಾಕಲು ಹೋದ.

ಕೊನೆಗೆ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದರು: "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳಿಲ್ಲ. ಕಾಲು ಮುರಿದ ದಿನಾನೇ ನನ್ನ ಕಾಲ ಮುಗೀತು."

ಅದು ತಮಾಷೆಯಲ್ಲ ಎಂದು ಸೊಸೆಗೆ ಗೊತ್ತಾಯಿತು. ಅವಳು ಮಂಚದ ಅಂಚಿನಲ್ಲಿ ಕೂತಳು. "ನಿಮ್ಮ ಜಾಗ ನನಗೆ ಬೇಡ ಅತ್ತೆ. ನನಗೆ ನನ್ನದೊಂದು ಬೇಕು, ಅಷ್ಟೆ. ಚಿತ್ರ ತರ್ತೀನಿ, ನೋಡಿ. ಚೆನ್ನಾಗಿಲ್ಲ ಅಂದ್ರೆ ನಾಡಿದ್ದು ತೊಟ್ಟಿ ಪಕ್ಕಾನೇ ನಿಲ್ತೀನಿ."

ಮರುದಿನ ಸಂಜೆ ಅವಳು ಹೊರಡುವ ಹೊತ್ತಿಗೆ ಅತ್ತೆ ಕಪಾಟಿನ ಮೇಲಿನ ಉದ್ದದ ಲೆನ್ಸಿನ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ಅದನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಹಿಂಬದಿಯ ಮೂಲೆಯಲ್ಲಿ ನಿಂತಾಗ ಮೇಜಿನ ಮೇಲಿನ ಲೆಕ್ಕಾಚಾರ ಅರ್ಧ ಮಾತ್ರ ನಿಜವಾಯಿತು. ಗೋಪುರವೇನೋ ಬಿಡಿಸಿಕೊಂಡು ನಿಂತಿತ್ತು. ಅದರ ನೆತ್ತಿಯ ಮೇಲೆ ದೂರದ ಯಾವುದೋ ಮನೆಯ ಆಂಟೆನಾ ಕಂಬ ಕೊಂಬಿನಂತೆ ಎದ್ದಿತ್ತು. ಸೊಸೆ ಟ್ರೈಪಾಡನ್ನು ಅಂಗೈ ಅಗಲ ಸರಿಸಿದಳು. ಕೊಂಬು ಹೋಯಿತು, ಎಡ ಅಂಚಿನಲ್ಲಿ ಅರ್ಧ ಜಾಹೀರಾತು ಫಲಕ ಬಂದು ಇಣುಕಿತು. ಲೆನ್ಸನ್ನು ತಿರುಗಿಸಿ ನೋಟವನ್ನು ಸ್ವಲ್ಪ ಬಿಗಿಮಾಡಿ ಅದನ್ನು ಹೊರಗಟ್ಟಿದಳು. ಆಗ ನದಿಯ ತಿರುವು ಕೆಳಗೆ ಕತ್ತರಿಸಿಹೋಯಿತು. ಕ್ಯಾಮರಾ ತುಸು ಬಾಗಿಸಿದರೆ ಕೆಳಗಿನ ರಸ್ತೆಯ ಬೀದಿದೀಪ, ಅಂಗಡಿ ಫಲಕ, ತಂತಿಗಳ ಸಿಕ್ಕು ಎಲ್ಲ ಒಳನುಗ್ಗಿದವು. ರಸ್ತೆ ಬೇಡವೇ ಬೇಡ ಎಂದು ತೀರ್ಮಾನಿಸಿ, ನದಿ ಮೂಲೆಯಿಂದ ಒಳಬರುವಷ್ಟೇ ಜಾಗ ಬಿಟ್ಟು, ಅಲ್ಲಿಗೇ ಭದ್ರಪಡಿಸಿದಳು. ಗಾಜಿನ ಕಟ್ಟಡ ಬಲ ಅಂಚಿಗೆ ಸರಿದು ಗೋಡೆಯ ಹಾಗೆ ನಿಂತಿತು. ಬೇಕಿದ್ದದ್ದೂ ಅದೇ.

ಆಮೇಲೆ ಕಾಯುವ ಕೆಲಸ. ಸೂರ್ಯ ಮುಳುಗಿದ ಕೂಡಲೇ ಆಕಾಶ ಇನ್ನೂ ಬೆಳ್ಳಗಿದ್ದು ಊರು ಮಂಕಾಗಿತ್ತು. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಅದಾಗಿ ಸ್ವಲ್ಪ ಹೊತ್ತಿಗೆ, ಆಕಾಶದ ನೀಲಿಯೂ ಕಿಟಕಿಗಳ ಹಳದಿಯೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮಕ್ಕೆ ಬಂದವು. ಅವಳು ಉಸಿರು ಹಿಡಿದು ತೆಗೆಯುತ್ತ ಹೋದಳು. ಸ್ವಲ್ಪವೇ ಹೊತ್ತು, ಆಮೇಲೆ ಆಕಾಶ ಸೋತು ಕಪ್ಪಾಯಿತು, ದೀಪಗಳು ಬರೀ ಚುಕ್ಕೆಗಳಾದವು. ಅವಳು ಲೆನ್ಸಿಗೆ ಮುಚ್ಚಳ ಹಾಕಿದಳು. ಸಿಕ್ಕಿದೆ ಎಂದು ಅವಳಿಗೆ ಗೊತ್ತಿತ್ತು.

ಅತ್ತೆ ಆ ಚಿತ್ರದ ಮೇಲೆ ರಟ್ಟುಗಳನ್ನು ಸರಿಸಿದರು. ಎಡದಿಂದ ಮುಚ್ಚಿದರು, ತೆಗೆದರು. ಮೇಲಿನಿಂದ ಮುಚ್ಚಿದರು, ತೆಗೆದರು. ಬಹಳ ಹೊತ್ತಾದ ಮೇಲೆ ರಟ್ಟುಗಳನ್ನು ಪಕ್ಕಕ್ಕಿಟ್ಟು, ಕತ್ತರಿಸುವಂಥದ್ದೇನೂ ಇಲ್ಲ ಎಂದರು. ಅದು ಅವರ ಬಾಯಿಂದ ಬರಬಹುದಾದ ದೊಡ್ಡ ಹೊಗಳಿಕೆ. ಆದರೂ ಸುಮ್ಮನಿರುವ ಜೀವವಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿದೆ, ಒಂದು ಮೋಡವಾದರೂ ಇದ್ದಿದ್ದರೆ ಎಂದು ಸೇರಿಸಿದರು. ಸೇತುವೆಯ ಮಾತನ್ನಂತೂ ಎತ್ತಲಿಲ್ಲ.

ಚಿತ್ರ ಕಳಿಸಲು ಇನ್ನೂ ಒಂದು ಸಂಜೆ ಉಳಿದಿತ್ತು. ಅಂದು ಮಧ್ಯಾಹ್ನ ಮಳೆ ಬಂದು ನಿಂತು, ಪಶ್ಚಿಮದಲ್ಲಿ ಹರಿದ ಹತ್ತಿಯಂಥ ಮೋಡಗಳು ಉಳಿದಿದ್ದವು. ಸೊಸೆ ಬೇಗನೇ ಹೋಗಿ, ಹಿಂದಿನ ದಿನದ ಜಾಗದಲ್ಲೇ, ಹಿಂದಿನ ದಿನದ ಅಳತೆಯಲ್ಲೇ ಕ್ಯಾಮರಾ ಹೂಡಿದಳು. ಮೋಡದ ಅಡಿಭಾಗಕ್ಕೆ ಕೆಂಪು ಹತ್ತಿತು. ದೀಪಗಳು ಹೊತ್ತಿಕೊಂಡವು. ಇನ್ನೇನು ತಕ್ಕಡಿ ಸಮಕ್ಕೆ ಬರಬೇಕು, ಅಷ್ಟರಲ್ಲಿ ಊರಿನ ದೀಪಗಳೆಲ್ಲ ಒಮ್ಮೆಲೇ ಆರಿಹೋದವು.

ಒಂದು ಬೀದಿಯಲ್ಲ, ಒಂದು ಬಡಾವಣೆಯಲ್ಲ. ಗುಡ್ಡದ ಬುಡದಿಂದ ನದಿಯ ಈಚೆಯವರೆಗೂ ಒಂದು ಕಿಟಕಿಯೂ ಬೆಳಗುತ್ತಿರಲಿಲ್ಲ. ಗಾಜಿನ ಕಟ್ಟಡ ಸ್ಲೇಟಿನಂತೆ ಕಪ್ಪಗೆ ನಿಂತಿತು. ಗೋಪುರದ ಗಡಿಯಾರದ ಮುಖ ಮಾಯವಾಯಿತು. ಕೆಳಗಿನಿಂದ ಜನರ ಗದ್ದಲ, ಹಾರನ್ನುಗಳ ಸದ್ದು ಮೇಲೆದ್ದು ಬಂತು. ಲಿಫ್ಟಿನ ಯಂತ್ರದ ಗುಂಯ್‌ಗುಡುವಿಕೆ ನಿಂತಿತು.

ಫೋನು ಬಡಿದುಕೊಂಡಿತು. ಅತ್ತೆ ಮಂಚದಿಂದಲೇ ಕಿಟಕಿಯಲ್ಲಿ ನೋಡಿದ್ದರು.

"ಇಳಿದು ಬಂದ್ಬಿಡು. ನಿನ್ನೆಯದನ್ನೇ ಕಳಿಸೋಣ, ಅದು ಚೆನ್ನಾಗೇ ಇದೆ. ಆ ಮೆಟ್ಟಿಲಲ್ಲಿ ಕತ್ತಲಾದ್ರೆ ಕಾಲಿಡೋಕಾಗಲ್ಲ."

"ಅತ್ತೆ, ಫೋನ್ ಇಡ್ತೀನಿ. ಆಕಾಶ ಇನ್ನೂ ಇದೆ."

"ಆಕಾಶ ಇಟ್ಕೊಂಡು ಏನ್ ಮಾಡ್ತೀಯಾ?"

"ನೋಡ್ತೀನಿ," ಎಂದು ಅವಳು ಫೋನನ್ನು ಜೇಬಿಗಿಟ್ಟಳು.

ಫ್ರೇಮಿನೊಳಗೆ ಕಣ್ಣಿಟ್ಟಾಗ, ಎರಡು ದಿನ ಕಟ್ಟಿ ನಿಲ್ಲಿಸಿದ್ದೆಲ್ಲ ಕುಸಿದು ಬಿದ್ದಿತ್ತು. ಕೆಂಪು ಮೋಡದ ಕೆಳಗೆ ಬರೀ ಕಪ್ಪು ಆಕಾರಗಳು. ನದಿ ಕೂಡ ದೀಪವಿಲ್ಲದೆ ಸಪ್ಪೆ. ಬೆಳಕೆಲ್ಲಿ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಮೇಜಿನ ಕೋಣೆಯಲ್ಲಿ ಬಲ್ಬು ಸುಟ್ಟುಹೋದಾಗಲೂ ಅವಳು ಮೊದಲು ಕೇಳಿಕೊಳ್ಳುತ್ತಿದ್ದುದು ಅದನ್ನೇ. ಕ್ಯಾಮರಾ ಬಿಟ್ಟು ಗಿಡ್ಡಗೋಡೆಯಾಚೆ ಬಗ್ಗಿ ನೋಡಿದಳು.

ಬೆಳಕು ಕೆಳಗಿತ್ತು. ಸಿಗ್ನಲ್ಲುಗಳು ಸತ್ತು, ರಸ್ತೆಯ ತುಂಬ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಕಸವೆಂದು ಅವಳು ಹೊರಗಿಟ್ಟಿದ್ದ ರಸ್ತೆ ಅದು. ಬೀದಿದೀಪವೂ ಇಲ್ಲ, ಅಂಗಡಿ ಫಲಕವೂ ಇಲ್ಲ, ತಂತಿಗಳ ಸಿಕ್ಕು ಕತ್ತಲಲ್ಲಿ ಮುಳುಗಿತ್ತು. ಹೋಗುವ ಗಾಡಿಗಳ ಕೆಂಪು, ಬರುವ ಗಾಡಿಗಳ ಬಿಳುಪು ಮಾತ್ರ. ಮಳೆಗೆ ನೆನೆದ ಡಾಂಬರು ಎರಡನ್ನೂ ಹಿಡಿದು ಇಮ್ಮಡಿ ಮಾಡಿತ್ತು. ಆ ಸಾಲು ಕಚೇರಿಯ ಬುಡದಿಂದ ಹೊರಟು, ನದಿಯ ಪಕ್ಕದಲ್ಲೇ ಬಾಗಿ, ಗೋಪುರದ ಕಾಲಬುಡದವರೆಗೆ ಹೋಗಿತ್ತು.

ಅವಳು ಉದ್ದದ ಲೆನ್ಸನ್ನು ಬಿಚ್ಚಿ ಅಗಲದ್ದನ್ನು ಹಾಕಿದಳು. ಕ್ಯಾಮರಾವನ್ನು ನೆಟ್ಟಗೆ ತಿರುಗಿಸಿದಳು. ಅಡ್ಡ ಚಿತ್ರದಲ್ಲಿ ರಸ್ತೆಗೂ ಆಕಾಶಕ್ಕೂ ಒಟ್ಟಿಗೆ ಜಾಗವಿರಲಿಲ್ಲ. ಕ್ಯಾಲೆಂಡರಿಗೆ ಉದ್ದ ಚಿತ್ರ ನಡೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಿರುಗಿಸಿದಳು. ಎಲ್ಲಿ ನಿಂತರೆ ಆಂಟೆನಾ ಕಂಬ ಕಾಡುವುದಿಲ್ಲ, ಎಲ್ಲಿ ಗೋಪುರ ಗಾಜಿನ ಕಟ್ಟಡದಿಂದ ಬಿಡಿಸಿಕೊಳ್ಳುತ್ತದೆ, ಅದನ್ನೆಲ್ಲ ಈಗ ಹುಡುಕಬೇಕಾಗಿರಲಿಲ್ಲ. ಕತ್ತಲಲ್ಲೂ ಕಾಲಿಗೆ ಗೊತ್ತಿತ್ತು. ರಸ್ತೆಯನ್ನು ಕೆಳಗಿನ ಮೂಲೆಯಿಂದ ಒಳಕ್ಕೆ ಬಿಟ್ಟುಕೊಂಡಳು. ಮೋಡಕ್ಕೆ ಮೇಲಿನ ಅರ್ಧವನ್ನು ಕೊಟ್ಟಳು. ಗೋಪುರವನ್ನು ಎರಡೂ ಸೇರುವಲ್ಲಿ ನಿಲ್ಲಿಸಿದಳು. ಗಾಳಿಗೆ ಟ್ರೈಪಾಡು ಅಲುಗದಂತೆ ತನ್ನ ಚೀಲವನ್ನೇ ಅದಕ್ಕೆ ತೂಗುಹಾಕಿ, ಆಕಾಶದ ಕೆಂಪು ಬೂದಿಯಾಗುವವರೆಗೂ ತೆಗೆದಳು.

ಕಾವಲುಗಾರ ಟಾರ್ಚು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಾಗ ಅವಳು ಸಾಮಾನು ಕಟ್ಟುತ್ತಿದ್ದಳು. ಸಂಜೆ ಮೇಡಂ ಅವನಿಗೆ ಫೋನು ಮಾಡಿ, ಸೊಸೆಯನ್ನು ಕೈ ಹಿಡಿದು ಇಳಿಸಬೇಕೆಂದು ಅಪ್ಪಣೆ ಮಾಡಿದ್ದರಂತೆ. ಅವನು ಟ್ರೈಪಾಡು ಹೊತ್ತುಕೊಂಡ. ಹೆದರಿಕೆ ಆಗಲಿಲ್ಲವಾ ಎಂದು ಮೆಟ್ಟಿಲಲ್ಲಿ ಕೇಳಿದ. ಆಗಲು ಪುರುಸೊತ್ತೇ ಸಿಗಲಿಲ್ಲ ಎಂದಳು.

ಬಸ್ಸುಗಳೆಲ್ಲ ನಿಂತಲ್ಲೇ ನಿಂತಿದ್ದರಿಂದ ಅವಳು ನಡೆದೇ ಮನೆ ಸೇರಿದಳು. ಅತ್ತೆ ಮೇಣದ ಬತ್ತಿಯ ಬೆಳಕಿನಲ್ಲಿ ಎದ್ದು ಕೂತಿದ್ದರು. ಈ ಸಲ ಅಚ್ಚು ಹಾಕಿಸುವಂತಿರಲಿಲ್ಲ. ಕ್ಯಾಮರಾದ ಹಿಂಬದಿಯ ಪುಟ್ಟ ಪರದೆಯನ್ನೇ ಅವರ ಮುಂದೆ ಹಿಡಿದಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. ಮುಂದಿನದನ್ನು ತೋರಿಸು ಎನ್ನಲಿಲ್ಲ. ಒಂದನ್ನೇ ನೋಡುತ್ತ ಕೂತರು.

"ಇದು ಕ್ಯಾಲೆಂಡರಿಗಲ್ಲ," ಎಂದರು.

"ಅಲ್ಲ."

"ಪತ್ರಿಕೆಯವರಿಗೆ ಈಗಲೇ ಕಳಿಸು. ನಾಳೆ ಅವರು ಬೇರೇನು ಹಾಕ್ತಾರೆ? ಊರೆಲ್ಲ ಕತ್ತಲಲ್ಲಿ ಕೂತಿದೆ, ಮೇಲೆ ಹತ್ತಿದವಳು ನೀನೊಬ್ಬಳೇ."

ಸೊಸೆಗೆ ಅದು ಹೊಳೆದಿರಲಿಲ್ಲ. ಅವಳ ಕೆಲಸದಲ್ಲಿ ಯಾವ ಚಿತ್ರಕ್ಕೂ ಮರುದಿನ ಬೆಳಗಾಗುವಷ್ಟರಲ್ಲಿ ಬೆಲೆ ಹೋಗುತ್ತಿರಲಿಲ್ಲ. ಪತ್ರಿಕೆಯ ಚಿತ್ರ ಸಂಪಾದಕನಿಗೆ ಅತ್ತೆಯೇ ಫೋನು ಮಾಡಿದರು. ಆತ ಇಬ್ಬರು ಛಾಯಾಗ್ರಾಹಕರನ್ನು ಕಳಿಸಿದ್ದನಂತೆ. ಇಬ್ಬರೂ ವಾಹನಗಳ ನಡುವೆ ಸಿಕ್ಕಿಕೊಂಡಿದ್ದರಂತೆ. ಸೊಸೆಯ ಫೋನಿನಿಂದ ಚಿತ್ರ ಬಂದು ತಲುಪಿದ ಮೇಲೆ ಆತ, ಯಾರ ಹೆಸರು ಹಾಕಬೇಕು, ಎಂದಿನಂತೆ ಸ್ಟುಡಿಯೋದ್ದೇ ತಾನೇ ಎಂದು ಮಾತ್ರ ಕೇಳಿದ. ಇಷ್ಟು ವರ್ಷ ಆ ಸ್ಟುಡಿಯೋದ ಹೆಸರೆಂದರೆ ಅತ್ತೆಯ ಹೆಸರು. ಅತ್ತೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಸೊಸೆಯ ಕಡೆ ನೋಡಿದರು. ಆಮೇಲೆ ಅವಳ ಹೆಸರನ್ನು ಅಕ್ಷರ ಬಿಡಿಸಿ ಹೇಳಿದರು. ಕ್ಯಾಲೆಂಡರಿಗೂ ಅದೇ ಹೆಸರು, ಹಿಂದಿನ ದಿನದ ಚಿತ್ರ ಬೆಳಿಗ್ಗೆ ಬರುತ್ತದೆ ಎಂದು ತಾವೇ ಸೇರಿಸಿ ಫೋನಿಟ್ಟರು.

"ಸ್ಟುಡಿಯೋ ಹೆಸರೂ ಹಾಕಬಹುದಿತ್ತು," ಎಂದಳು ಸೊಸೆ.

"ಹಾಕಬಹುದಿತ್ತು. ಆದರೆ ಅಲ್ಲಿ ನಿಂತಿದ್ದು ಸ್ಟುಡಿಯೋ ಅಲ್ಲವಲ್ಲ," ಎಂದು ಅತ್ತೆ ಹೊದಿಕೆ ಎಳೆದುಕೊಂಡರು.

ಬೆಳಿಗ್ಗೆ ಮುಖಪುಟದ ಮೇಲಿನಿಂದ ಮಡಿಕೆಯ ಕೆಳಗಿನವರೆಗೂ ಆ ಚಿತ್ರವೇ ಇತ್ತು. ಕತ್ತಲ ಸಾಲಿನಲ್ಲಿ ಸಿಕ್ಕಿಕೊಂಡು ತಡವಾಗಿ ಮನೆ ಸೇರಿದ್ದ ಗಂಡ, ಕಣ್ಣುಜ್ಜಿಕೊಂಡು ಬಂದು ಪತ್ರಿಕೆಯನ್ನು ಅತ್ತಿತ್ತ ತಿರುಗಿಸಿ ನೋಡಿದ. ಗೋಪುರದ ಹತ್ತಿರದ ಒಂದು ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು, ಇದೇ ತನ್ನ ಬಸ್ಸು, ಒಳಗಿದ್ದವರೆಲ್ಲ ತನ್ನನ್ನು ಬೈಯುತ್ತಿದ್ದ ಹೊತ್ತಿಗೆ ಹೆಂಡತಿ ಮೇಲೆ ನಿಂತು ಫೋಟೋ ಹೊಡೆಯುತ್ತಿದ್ದಳಲ್ಲ ಎಂದು ಆಡಿಕೊಂಡ. ಅಂದಿನಿಂದ ಚಪ್ಪಲಿ ಮೇಡಂ ಎಂದು ಕರೆಯುವುದನ್ನು ಬಿಟ್ಟನೇ ಎಂದರೆ ಇಲ್ಲ. ಬದಲಿಗೆ ತನ್ನ ಜತೆಯ ಚಾಲಕರಿಗೂ ಅದನ್ನೇ ಕಲಿಸಿಕೊಟ್ಟ.

ಪ್ಲಾಸ್ಟರು ತೆಗೆದ ಮೇಲೆ ಅತ್ತೆ ಕೋಲೂರಿಕೊಂಡು ಟೆಲಿಫೋನ್ ಕಚೇರಿಗೆ ಹೊರಟರು. ಲಿಫ್ಟಿನಿಂದ ಇಳಿದವರು ತೊಟ್ಟಿಯ ಕಡೆ ತಿರುಗದೆ ನೇರ ಹಿಂಬದಿಗೆ ಹೋದರು. ಸೊಸೆ ಕ್ಯಾಮರಾ ಹೂಡಿ ಪಕ್ಕಕ್ಕೆ ಸರಿದಳು. ಅತ್ತೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಗೋಪುರ ನೋಡಿದರು, ನದಿಯ ತಿರುವು ನೋಡಿದರು, ಗಾಜಿನ ಕಟ್ಟಡವನ್ನು ಇನ್ನಷ್ಟು ಹೊತ್ತು ನೋಡಿದರು. ಆಮೇಲೆ ಟ್ರೈಪಾಡಿನ ಒಂದು ಕಾಲನ್ನು ಕೋಲಿನ ತುದಿಯಿಂದ ತುಸು ಎಡಕ್ಕೆ ತಳ್ಳಿದರು.

ಸೊಸೆ ಬಗ್ಗಿ ನೋಡಿದಳು. ಆಚೀಚೆ ಯೋಚಿಸಿದಳು. ಕಾಲನ್ನು ಮತ್ತೆ ಮೊದಲಿದ್ದಲ್ಲಿಗೇ ತಂದಿಟ್ಟಳು.

"ಹಟಮಾರಿ," ಎಂದರು ಅತ್ತೆ. ಅವರ ಮುಖದಲ್ಲಿ ನಗುವಿತ್ತು. ಸೂರ್ಯ ಇನ್ನೂ ಮೇಲಿದ್ದ. ಕೂರಲು ಏನಾದರೂ ಕೊಡು, ಬೆಳಕು ಬರಲು ಹೊತ್ತಿದೆ ಎಂದರು. ಸೊಸೆ ಕೆಟ್ಟುಹೋದ ಏಸಿ ಪೆಟ್ಟಿಗೆಯೊಂದರ ಮೇಲಿನ ಧೂಳು ಒರೆಸಿ, ತನ್ನ ಸ್ವೆಟರನ್ನು ಮಡಿಚಿ ಅದರ ಮೇಲೆ ಹಾಸಿದಳು.